ಆಫೀಸ್ ಹೊಸದು ಹಾಕಿಸಿದ ಮೇಲೆ ವರ್ಡ್ ತೆರೆದೊಡನೆ ಬರುವ ಆರಂಭ ಪುಟವನ್ನು ನಿಲ್ಲಿಸುವುದು ಹೇಗೆ?

ಗುಬ್ಬಿ ಗೇಟ್ ಬೆರಳಚ್ಚು, ತುಮಕೂರು

ಎಲ್ಲರಿಗೂ ನಮಸ್ಕಾರ. ತುಮಕೂರಿನಲ್ಲಿ ನಮ್ಮದೊಂದು ಬೆರಳಚ್ಚು ಮತ್ತು ಜೆರಾಕ್ಸ್ ಅಂಗಡಿ ಇದೆ. ಬಾಡಿಗೆ ಕರಾರು, ಅಫಿಡವಿಟ್, ಪಾಲುಪಟ್ಟಿ, ವಂಶವೃಕ್ಷದ ಅರ್ಜಿ, ಇವೇ ನಮ್ಮ ದಿನನಿತ್ಯದ ಕೆಲಸ. ಮೂರು ಕಂಪ್ಯೂಟರ್‌ಗಳಲ್ಲಿ ಇಷ್ಟು ವರ್ಷ ಆಫೀಸ್ 2010 ಇತ್ತು. ಅದಕ್ಕೆ ಭದ್ರತಾ ಅಪ್‌ಡೇಟ್ ಬರುವುದು 2020ರ ಅಕ್ಟೋಬರ್‌ನಲ್ಲೇ ನಿಂತುಹೋಗಿದೆ, ಜನರ ಆಸ್ತಿಪತ್ರಗಳನ್ನು ಇಟ್ಟುಕೊಳ್ಳುವವರು ಹಾಗೆ ಬಿಡಬಾರದು ಎಂದು ಮಗಳು ಹಟ ಹಿಡಿದಳು. ಹಾಗಾಗಿ ಕಳೆದ ವಾರ ಮೂರಕ್ಕೂ ಆಫೀಸ್ 2021 ಹಾಕಿಸಿದೆವು.

ಅಂದಿನಿಂದ ವರ್ಡ್ ಚಿಹ್ನೆಯನ್ನು ಒತ್ತಿದರೆ ಖಾಲಿ ಹಾಳೆ ಬರುವುದಿಲ್ಲ. ಮೊದಲು ಪರದೆಯ ತುಂಬ ಒಂದು ಪುಟ ಬರುತ್ತದೆ. ಅದರ ಮೇಲ್ಭಾಗದಲ್ಲಿ ಬಯೊಡೇಟಾ, ಕ್ಯಾಲೆಂಡರ್, ಆಮಂತ್ರಣ ಪತ್ರ ಎಂದು ನಾನಾ ಮಾದರಿಗಳ ಚಿತ್ರಗಳು, ಕೆಳಗೆ ಇತ್ತೀಚೆಗೆ ತೆರೆದ ಕಡತಗಳ ಪಟ್ಟಿ. ಅಲ್ಲಿ 'ಬ್ಲ್ಯಾಂಕ್ ಡಾಕ್ಯುಮೆಂಟ್' ಎಂಬುದನ್ನು ಹುಡುಕಿ ಒತ್ತಿದ ಮೇಲೆಯೇ ಕೆಲಸ ಶುರು. ನಮ್ಮ ಮಾವನವರು ಬೆರಳಚ್ಚು ಯಂತ್ರದ ಕಾಲದವರು. ಕಾಗದ ಸೇರಿಸಿ ಉರುಳೆ ತಿರುಗಿಸಿದರೆ ಬಿಳಿ ಹಾಳೆ ಎದುರಿಗೆ ನಿಲ್ಲಬೇಕು, ಅದು ಅವರ ಲೆಕ್ಕ. ಈಗ ದಿನಕ್ಕೆ ಹತ್ತು ಸಲವಾದರೂ 'ಇಲ್ಲಿ ಎಲ್ಲಮ್ಮಾ ಒತ್ತಬೇಕು?' ಎಂದು ಕರೆಯುತ್ತಾರೆ.

ಅಷ್ಟೇ ಆಗಿದ್ದರೆ ನಾನು ಇಲ್ಲಿ ಬರೆಯುತ್ತಿರಲಿಲ್ಲ. ಮೊನ್ನೆ ಗೂಳೂರು ಕಡೆಯ ಹಿರಿಯರೊಬ್ಬರು ಅಫಿಡವಿಟ್ ಮಾಡಿಸಲು ಬಂದು ನನ್ನ ಪಕ್ಕದ ಸ್ಟೂಲಿನ ಮೇಲೆ ಕುಳಿತಿದ್ದರು. ನಾನು ವರ್ಡ್ ತೆರೆದೆ. ಪಟ್ಟಿಯ ಮೊದಲ ಸಾಲಿನಲ್ಲೇ ಹಿಂದಿನ ದಿನ ನಾವು ಸಿದ್ಧಪಡಿಸಿದ ಪಾಲುಪಟ್ಟಿಯ ಕರಡು, ಅದೂ ಅವರ ತಮ್ಮನ ಹೆಸರಿನಲ್ಲಿ. ಅವರು ಕನ್ನಡಕ ಸರಿಮಾಡಿಕೊಂಡು ಪರದೆಯತ್ತ ಬಾಗಿ, 'ಇವನು ಇಲ್ಲಿಗೆ ಬಂದಿದ್ದನೇನಮ್ಮಾ?' ಎಂದು ಕೇಳಿದರು. ನನಗೆ ಉತ್ತರ ಹೊರಡಲಿಲ್ಲ. ನಮ್ಮನ್ನು ನಂಬಿ ಮನೆಯ ವಿಷಯ ಹೇಳಿಕೊಂಡವರ ಹೆಸರನ್ನು ಇನ್ನೊಬ್ಬರ ಕಣ್ಣಿಗೆ ಬೀಳಿಸುವ ಪುಟ ನಮಗೆ ಬೇಡ. ಇದನ್ನು ಪೂರ್ತಿಯಾಗಿ ನಿಲ್ಲಿಸುವ ದಾರಿ ಗೊತ್ತಿದ್ದವರು ದಯವಿಟ್ಟು ತಿಳಿಸಿ.

ತಿಪಟೂರು ಕೊಬ್ಬರಿ ಲೆಕ್ಕ

ಆ ಪುಟ ಬಂದ ಕೂಡಲೇ ಕೀಲಿಮಣೆಯ ಎಡ ಮೂಲೆಯಲ್ಲಿರುವ ಎಸ್ಕೇಪ್ ಕೀಲಿಯನ್ನು ಒಮ್ಮೆ ಒತ್ತಿ, ಖಾಲಿ ಹಾಳೆ ಬರುತ್ತದೆ. ಎಕ್ಸೆಲ್‌ನಲ್ಲಿಯೂ ಹಾಗೆಯೇ. ಹರಾಜಿನ ದಿನ ಮಂಡಿಯಲ್ಲಿ ಉಸಿರಾಡಲೂ ಬಿಡುವಿರುವುದಿಲ್ಲ, ನಾನು ಅದನ್ನೇ ಮಾಡುತ್ತೇನೆ.

ಕೋಲಾರದ ದುರಸ್ತಿಗಾರ

ಎಸ್ಕೇಪ್ ಒತ್ತುವುದು ತಾತ್ಕಾಲಿಕ ಉಪಾಯ, ಮಾರನೆಯ ದಿನ ಮತ್ತೆ ಒತ್ತಬೇಕು. ಅಕ್ಕಾ, ಇದನ್ನು ಶಾಶ್ವತವಾಗಿ ನಿಲ್ಲಿಸಲು ವರ್ಡ್‌ನಲ್ಲೇ ವ್ಯವಸ್ಥೆ ಇದೆ. ಫೈಲ್ ಒತ್ತಿ, ಕೆಳಗಿರುವ ಆಪ್ಷನ್ಸ್‌ಗೆ ಹೋಗಿ. ಮೊದಲು ತೆರೆಯುವ ಜನರಲ್ ಎಂಬ ಪುಟವನ್ನು ಕೊನೆಯವರೆಗೆ ಇಳಿಸಿದರೆ 'ಸ್ಟಾರ್ಟ್ ಅಪ್ ಆಪ್ಷನ್ಸ್' ಎಂಬ ಭಾಗ ಸಿಗುತ್ತದೆ. ಅಲ್ಲಿ 'ಶೋ ದ ಸ್ಟಾರ್ಟ್ ಸ್ಕ್ರೀನ್ ವೆನ್ ದಿಸ್ ಅಪ್ಲಿಕೇಶನ್ ಸ್ಟಾರ್ಟ್ಸ್' ಎಂಬ ಸಾಲಿನ ಎದುರು ಗುರುತು ಇರುತ್ತದೆ. ಆ ಗುರುತನ್ನು ತೆಗೆದು ಓಕೆ ಕೊಟ್ಟು, ವರ್ಡ್ ಮುಚ್ಚಿ ಮತ್ತೆ ತೆರೆಯಿರಿ. ನೇರವಾಗಿ ಖಾಲಿ ಹಾಳೆ ಬರುತ್ತದೆ.

ಇದನ್ನು ವರ್ಡ್, ಎಕ್ಸೆಲ್, ಪವರ್‌ಪಾಯಿಂಟ್ ಮೂರರಲ್ಲಿಯೂ ಬೇರೆಬೇರೆಯಾಗಿ ಮಾಡಬೇಕು. ವರ್ಡ್‌ನಲ್ಲಿ ತೆಗೆದರೆ ಎಕ್ಸೆಲ್‌ನಲ್ಲಿ ತಾನಾಗಿ ಹೋಗುವುದಿಲ್ಲ. ನನ್ನ ಬಳಿ ಬರುವ ಹೆಚ್ಚಿನವರು ಒಂದರಲ್ಲಿ ಮಾಡಿ, ಇನ್ನೊಂದರಲ್ಲಿ ಬಂತೆಂದು ಇಡೀ ಆಫೀಸನ್ನೇ ತೆಗೆಸಿ ಮತ್ತೆ ಹಾಕಿಸಲು ಹೊರಟಿರುತ್ತಾರೆ. ಅದರ ಅಗತ್ಯವಿಲ್ಲ.

ಗುಬ್ಬಿ ಗೇಟ್ ಬೆರಳಚ್ಚು, ತುಮಕೂರು

ತಮ್ಮಾ, ತುಂಬಾ ಉಪಕಾರವಾಯಿತು. ಆದರೆ ಮೂರನೆಯ ಕಂಪ್ಯೂಟರಿನಲ್ಲಿ ಆ ಪುಟ ಬಂದಾಗ ನೀವು ಹೇಳಿದ ಫೈಲ್ ಎಂಬ ಪಟ್ಟಿಯೇ ಕಾಣುತ್ತಿಲ್ಲ. ಮೂರಕ್ಕೂ 2021 ಹಾಕಿಸಿದೆವೆಂದು ನಾನು ತಿಳಿದಿದ್ದೆ, ಆದರೆ ಅದರಲ್ಲಿ ಹಿಂದೆ ಯಾರೋ 2013 ಹಾಕಿಕೊಟ್ಟಿದ್ದರಂತೆ, ಅದೇ ಉಳಿದಿದೆ ಎಂದು ಮಗಳು ಈಗ ನೋಡಿ ಹೇಳಿದಳು.

ಕೋಲಾರದ ದುರಸ್ತಿಗಾರ

ಹೌದು, 2013ರಲ್ಲಿ ಆರಂಭ ಪುಟದ ಮೇಲೆ ಆ ಪಟ್ಟಿ ಇರುವುದಿಲ್ಲ. ತಿಪಟೂರಿನವರು ಹೇಳಿದಂತೆ ಎಸ್ಕೇಪ್ ಒತ್ತಿ ಖಾಲಿ ಹಾಳೆಗೆ ಬನ್ನಿ, ಆಮೇಲೆ ಫೈಲ್, ಆಪ್ಷನ್ಸ್. ಈ ಪುಟ ಮೊದಲು ಬಂದದ್ದೇ ಆ 2013ರ ಆವೃತ್ತಿಯಲ್ಲಿ. 2010ರಿಂದ ನೇರವಾಗಿ ಹೊಸದಕ್ಕೆ ಹಾರಿದವರಿಗೆ ಇದು ನಿನ್ನೆ ಮೊನ್ನೆ ಬಂದ ವಸ್ತುವಿನಂತೆ ಕಾಣುತ್ತದೆ. ಇನ್ನೊಂದು ಮಾತು: 2013ಕ್ಕೂ ಭದ್ರತಾ ಅಪ್‌ಡೇಟ್ 2023ರ ಏಪ್ರಿಲ್ 11ಕ್ಕೆ ನಿಂತಿದೆ. ಆ ಯಂತ್ರವನ್ನೂ ಬದಲಿಸಿಕೊಳ್ಳಿ.

ಶಿರಾ ಹಳೆಯ ಆವೃತ್ತಿ

ನನ್ನ ಅಭಿಪ್ರಾಯದಲ್ಲಿ ಚೆನ್ನಾಗಿ ನಡೆಯುತ್ತಿದ್ದ 2010ನ್ನು ಬದಲಿಸಿದ್ದೇ ತಪ್ಪು. ನಾನು ಇಂದಿಗೂ 2007ರಲ್ಲಿ ಕೆಲಸ ಮಾಡುತ್ತಿದ್ದೇನೆ ಮತ್ತು ನನಗೆ ಯಾವ ಆರಂಭ ಪುಟವೂ ಕಾಣಿಸಿಕೊಂಡಿಲ್ಲ.

ಕೋಲಾರದ ದುರಸ್ತಿಗಾರ

ಅಣ್ಣಾ, ಇದನ್ನು ನಾನು ಒಪ್ಪುವುದಿಲ್ಲ. ನಿಮ್ಮ ಯಂತ್ರಕ್ಕೆ ಅಂತರ್ಜಾಲವೇ ಇಲ್ಲ, ಹೊರಗಿನ ಪೆನ್‌ಡ್ರೈವ್ ತಾಗುವುದೇ ಇಲ್ಲ ಎಂದಾದರೆ ನಿಮ್ಮ ಮಾತಿಗೆ ಸ್ವಲ್ಪ ಬೆಲೆ ಇದೆ. ಬೆರಳಚ್ಚು ಅಂಗಡಿಯಲ್ಲಿ ಹಾಗಾಗುವುದಿಲ್ಲ. ಬೆಳಗಿನಿಂದ ಸಂಜೆಯವರೆಗೆ ಊರಿನವರ ಪೆನ್‌ಡ್ರೈವ್‌ಗಳು, ವಾಟ್ಸ್‌ಆ್ಯಪ್‌ನಲ್ಲಿ ಬಂದ ವರ್ಡ್ ಕಡತಗಳು ಅದೇ ಯಂತ್ರಕ್ಕೆ ಬರುತ್ತವೆ. ಅಂತಹ ಕಡತದೊಳಗೆ ಮ್ಯಾಕ್ರೋ, ಅಂದರೆ ತಾನಾಗಿ ನಡೆಯುವ ಆದೇಶಗಳ ರೂಪದಲ್ಲಿ ಕೇಡು ಅಡಗಿರಬಹುದು, ಹಳೆಯ ಆವೃತ್ತಿಯ ತೂತುಗಳನ್ನು ಮುಚ್ಚುವವರು ಈಗ ಯಾರೂ ಇಲ್ಲ. ಒಂದು ಗುರುತು ತೆಗೆದರೆ ಹೋಗುವ ಪುಟಕ್ಕಾಗಿ ಆ ಅಪಾಯವನ್ನು ತಲೆಯ ಮೇಲೆ ಎಳೆದುಕೊಳ್ಳಬೇಡಿ.

ಚಿಂತಾಮಣಿ ಮೇಷ್ಟ್ರು

ಎಲ್ಲರೂ ಆರಂಭ ಪುಟವನ್ನು ಶತ್ರುವಿನಂತೆ ನೋಡುತ್ತಿದ್ದೀರಿ. ನನಗೆ ಅದು ದಿನವೂ ಬೇಕು. ಪ್ರೌಢಶಾಲೆಯಲ್ಲಿ ಕಿರುಪರೀಕ್ಷೆಯ ಪ್ರಶ್ನೆಪತ್ರಿಕೆ, ಪಾಠಯೋಜನೆ, ಅಂಕಪಟ್ಟಿ ಎಂದು ಮೂರು ನಾಲ್ಕು ಮಾದರಿಗಳನ್ನು ನಾನೇ ಮಾಡಿಟ್ಟುಕೊಂಡಿದ್ದೇನೆ. ಆಪ್ಷನ್ಸ್‌ನ ಸೇವ್ ಪುಟದಲ್ಲಿ 'ಡಿಫಾಲ್ಟ್ ಪರ್ಸನಲ್ ಟೆಂಪ್ಲೇಟ್ಸ್ ಲೊಕೇಶನ್' ಎಂಬಲ್ಲಿ ಅವು ಇರುವ ಫೋಲ್ಡರಿನ ವಿಳಾಸ ಕೊಟ್ಟರೆ, ಹೊಸ ಕಡತ ತೆರೆಯುವ ಪುಟದಲ್ಲಿ 'ಪರ್ಸನಲ್' ಎಂಬ ವಿಭಾಗ ಕಾಣಿಸಿಕೊಂಡು ನನ್ನ ಮಾದರಿಗಳೆಲ್ಲ ಅಲ್ಲಿ ಸಾಲಾಗಿ ನಿಲ್ಲುತ್ತವೆ. ಶಾಲೆಯ ಹೆಸರು, ಅಂಚು, ಅಕ್ಷರದ ಗಾತ್ರ ಎಲ್ಲವೂ ಸಿದ್ಧ. ಬೇಕಾದ ಕಡತದ ಪಕ್ಕದ ಗುಂಡುಸೂಜಿಯ ಚಿಹ್ನೆಯನ್ನು ಒತ್ತಿದರೆ ಅದು ಪಟ್ಟಿಯಿಂದ ಜಾರಿಹೋಗದೆ ಮೇಲೆಯೇ ಉಳಿಯುತ್ತದೆ.

ಬಾಡಿಗೆ ಕರಾರು ಎಂದರೆ ಒಂದೇ ಮಾದರಿ, ಹೆಸರು ಮತ್ತು ಮೊತ್ತ ಮಾತ್ರ ಬೇರೆ. ಬೆರಳಚ್ಚು ಅಂಗಡಿಯವರಿಗೆ ನನಗಿಂತ ಹೆಚ್ಚು ಉಪಯೋಗವಾಗಬೇಕಲ್ಲವೇ? ಬೇಡ ಎಂದು ತೆಗೆಯುವ ಮೊದಲು ಅದನ್ನು ಬಳಸಿ ನೋಡಿ ಎಂಬುದು ನನ್ನ ವಿನಂತಿ.

ಗುಬ್ಬಿ ಗೇಟ್ ಬೆರಳಚ್ಚು, ತುಮಕೂರು

ಮೇಷ್ಟ್ರೇ, ಮಾದರಿಯ ವಿಷಯ ನೀವು ಹೇಳಿದ್ದು ಸರಿ, ಅದನ್ನು ಖಂಡಿತ ಮಾಡಿಕೊಳ್ಳುತ್ತೇನೆ. ಇಷ್ಟು ದಿನ ನಾವು ಹಳೆಯ ಕರಾರನ್ನೇ ತೆರೆದು, ಹೆಸರು ಅಳಿಸಿ, ಹೊಸದನ್ನು ತುಂಬಿ ಬೇರೆ ಹೆಸರಿನಲ್ಲಿ ಉಳಿಸುತ್ತಿದ್ದೆವು. ಎರಡು ಸಲ ಹಿಂದಿನ ಬಾಡಿಗೆದಾರರ ತಂದೆಯ ಹೆಸರು ಹಾಗೆಯೇ ಉಳಿದು, ಛಾಪಾ ಕಾಗದ ದಂಡವಾಗಿದೆ. ಆದರೆ ನಿಮ್ಮ ಕೋಣೆಯಲ್ಲಿ ನಿಮ್ಮ ಪರದೆಯನ್ನು ನೋಡುವವರು ನೀವೊಬ್ಬರೇ. ನಮ್ಮ ಪರದೆಯನ್ನು ಕೌಂಟರಿನ ಆಚೆಯಿಂದ ನಾಲ್ಕು ಜನ ಇಣುಕುತ್ತಾರೆ. ಹಾಗೆ ಇಣುಕುವುದು ಅವರ ತಪ್ಪೂ ಅಲ್ಲ, ತಮ್ಮ ಹೆಸರಿನ ಕಾಗುಣಿತ ಸರಿಯಿದೆಯೇ ಎಂದು ನೋಡಿಕೊಳ್ಳಲಿ ಎಂದು ನಾವೇ ಪರದೆಯನ್ನು ಅವರತ್ತ ತಿರುಗಿಸುತ್ತೇವೆ.

ಚಿಂತಾಮಣಿ ಮೇಷ್ಟ್ರು

ಒಪ್ಪಿದೆ ತಾಯಿ. ಕೌಂಟರಿನ ವಿಷಯ ನನಗೆ ಹೊಳೆದಿರಲಿಲ್ಲ. ಆರಂಭ ಪುಟ ನಿಲ್ಲಿಸಿದ ಮೇಲೂ ಫೈಲ್, ನ್ಯೂ ಎಂದು ಹೋದರೆ ಅದೇ 'ಪರ್ಸನಲ್' ವಿಭಾಗ ಸಿಗುತ್ತದೆ. ಆದ್ದರಿಂದ ಎರಡನ್ನೂ ಇಟ್ಟುಕೊಳ್ಳಬಹುದು.

ಶಿಡ್ಲಘಟ್ಟ ಪತ್ರ ಬರಹ

ನಾನೂ ಇದೇ ವೃತ್ತಿಯಲ್ಲಿರುವುದರಿಂದ ಒಂದು ಎಚ್ಚರಿಕೆ ಹೇಳುತ್ತೇನೆ. ಆರಂಭ ಪುಟದ ಗುರುತು ತೆಗೆದ ಮಾತ್ರಕ್ಕೆ ಹೆಸರುಗಳು ಮರೆಯಾಗುವುದಿಲ್ಲ. ಗಿರಾಕಿಯ ಎದುರು ಫೈಲ್, ಓಪನ್ ಒತ್ತಿದ ಕ್ಷಣವೇ ಅದೇ ಪಟ್ಟಿ ಮತ್ತೆ ತೆರೆದುಕೊಳ್ಳುತ್ತದೆ. ಅದಕ್ಕೆ ಆಪ್ಷನ್ಸ್‌ನಲ್ಲಿ ಅಡ್ವಾನ್ಸ್‌ಡ್ ಪುಟಕ್ಕೆ ಹೋಗಿ, ಡಿಸ್‌ಪ್ಲೇ ಎಂಬ ಭಾಗದವರೆಗೆ ಇಳಿಯಿರಿ. ಅಲ್ಲಿ 'ಶೋ ದಿಸ್ ನಂಬರ್ ಆಫ್ ರೀಸೆಂಟ್ ಡಾಕ್ಯುಮೆಂಟ್ಸ್' ಎಂಬುದರ ಮುಂದೆ ಸಾಮಾನ್ಯವಾಗಿ 50 ಎಂದಿರುತ್ತದೆ. ಅದನ್ನು 0 ಮಾಡಿ. ಕಡತಗಳು ಅಳಿಸಿಹೋಗುತ್ತವೆ ಎಂಬ ಹೆದರಿಕೆ ಬೇಡ. ಅವು ಇದ್ದಲ್ಲೇ ಇರುತ್ತವೆ, ಪಟ್ಟಿ ಮಾತ್ರ ಕಾಣಿಸುವುದಿಲ್ಲ. ಎಕ್ಸೆಲ್‌ನಲ್ಲಿ ಇದೇ ಜಾಗದಲ್ಲಿ 'ವರ್ಕ್‌ಬುಕ್ಸ್' ಎಂದಿರುತ್ತದೆ.

ಮುಳಬಾಗಿಲು ಬಿ.ಕಾಂ.

ಅದೂ ಸಾಲದು. ಪರದೆಯ ಕೆಳಗಿನ ಪಟ್ಟಿಯಲ್ಲಿರುವ ವರ್ಡ್ ಚಿಹ್ನೆಯ ಮೇಲೆ ಮೌಸಿನ ಬಲಗುಂಡಿ ಒತ್ತಿ ನೋಡಿ, ಇತ್ತೀಚಿನ ಕಡತಗಳ ಹೆಸರು ಅಲ್ಲಿಯೂ ಮೇಲೇಳುತ್ತವೆ. ಅದು ವಿಂಡೋಸ್ ಇಟ್ಟುಕೊಳ್ಳುವ ಪಟ್ಟಿ, ವರ್ಡ್‌ನ ಆಪ್ಷನ್ಸ್‌ಗೂ ಅದಕ್ಕೂ ಸಂಬಂಧವಿಲ್ಲ. ವಿಂಡೋಸ್ 10ರಲ್ಲಿ ಸೆಟ್ಟಿಂಗ್ಸ್, ಪರ್ಸನಲೈಸೇಶನ್, ಸ್ಟಾರ್ಟ್ ಎಂದು ಹೋದರೆ 'ಶೋ ರೀಸೆಂಟ್ಲಿ ಓಪನ್ಡ್ ಐಟಮ್ಸ್' ಎಂದು ಆರಂಭವಾಗುವ ಒಂದು ಸಾಲಿದೆ. ಅದನ್ನು ಆಫ್ ಮಾಡಿದರೆ ಕೆಳಪಟ್ಟಿಯಲ್ಲೂ ಫೈಲ್ ಎಕ್ಸ್‌ಪ್ಲೋರರ್‌ನ ಕ್ವಿಕ್ ಆಕ್ಸೆಸ್‌ನಲ್ಲೂ ಒಟ್ಟಿಗೆ ನಿಲ್ಲುತ್ತದೆ. ನಮ್ಮ ಅಪ್ಪ ಟೊಮೆಟೊ ಮಂಡಿಯ ಲೆಕ್ಕ ಬರೆಯುತ್ತಾರೆ. ಯಾವ ರೈತರಿಗೆ ಎಷ್ಟು ಮುಂಗಡ ಕೊಟ್ಟಿದ್ದೇವೆ ಎಂಬುದು ಇನ್ನೊಬ್ಬ ರೈತರಿಗೆ ಕಾಣಬಾರದೆಂದು ನಾನೇ ಇದನ್ನು ಹುಡುಕಿ ಮಾಡಿಕೊಟ್ಟೆ.

ಶಿಡ್ಲಘಟ್ಟ ಪತ್ರ ಬರಹ

ಕೆಳಪಟ್ಟಿಯ ವಿಷಯ ನನಗೆ ಗೊತ್ತಿರಲಿಲ್ಲ ತಂಗಿ. ಈಗ ನನ್ನ ಯಂತ್ರದಲ್ಲಿ ನೋಡಿದೆ, ಎಂಟು ಹತ್ತು ಹೆಸರುಗಳಿವೆ. ಈಗಲೇ ತೆಗೆಯುತ್ತೇನೆ.

ಇದರ ಜೊತೆಗೆ ನಾನು ಕಡತಗಳಿಗೆ ವ್ಯಕ್ತಿಯ ಹೆಸರಿಡುವುದನ್ನೇ ಬಿಟ್ಟಿದ್ದೇನೆ. ಗಿರಾಕಿ ಬಂದಾಗ ದಪ್ಪ ರಟ್ಟಿನ ನೋಟ್‌ಬುಕ್ಕಿನಲ್ಲಿ ಕ್ರಮಸಂಖ್ಯೆ, ಹೆಸರು, ಪತ್ರದ ವಿಧ, ಫೋನ್ ಸಂಖ್ಯೆ ಬರೆದುಕೊಳ್ಳುತ್ತೇನೆ, ಕಡತಕ್ಕೆ ಆ ಕ್ರಮಸಂಖ್ಯೆಯೇ ಹೆಸರು. ಪರದೆಯ ಮೇಲೆ 412, 413 ಎಂದಷ್ಟೇ ಕಂಡರೆ ಯಾರಿಗೂ ಏನೂ ತಿಳಿಯುವುದಿಲ್ಲ. ತಿದ್ದುಪಡಿಗೆ ಬಂದವರು ರಸೀದಿ ತೋರಿಸಿದರೆ ಅದರಲ್ಲಿ ಅದೇ ಸಂಖ್ಯೆ ಇರುತ್ತದೆ.

ತಿಪಟೂರು ಕೊಬ್ಬರಿ ಲೆಕ್ಕ

ಸಂಖ್ಯೆ ಇಡುವುದು ಒಳ್ಳೆಯದೇ, ಆದರೆ ಆ ನೋಟ್‌ಬುಕ್ ಕಳೆದುಹೋದರೆ ಗತಿಯೇನು? ನಾಲ್ಕು ವರ್ಷದ ಹಿಂದಿನ ಕರಾರು ಬೇಕೆಂದು ಬಂದವರಿಗೆ ಏನು ತೆಗೆದುಕೊಡುತ್ತೀರಿ?

ಶಿಡ್ಲಘಟ್ಟ ಪತ್ರ ಬರಹ

ಕಡತದ ಒಳಗೆ ಹೆಸರು ಇದ್ದೇ ಇರುತ್ತದೆಯಲ್ಲ. ಕನ್ನಡವನ್ನು ಯೂನಿಕೋಡ್‌ನಲ್ಲಿ ಬರೆದಿದ್ದರೆ ಫೋಲ್ಡರಿನಲ್ಲಿ ಹುಡುಕಿದಾಗ ಸಿಗುತ್ತದೆ. ನುಡಿ ಎಂಬ ಕನ್ನಡ ತಂತ್ರಾಂಶದ ಹಳೆಯ ಅಕ್ಷರಗಳಲ್ಲಿ ಬರೆದದ್ದಾದರೆ ಹುಡುಕಾಟ ಕಷ್ಟ, ಏಕೆಂದರೆ ಕಂಪ್ಯೂಟರಿನ ಪಾಲಿಗೆ ಅದು ಕನ್ನಡವೇ ಅಲ್ಲ, ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳ ಸಾಲು.

ಪಾವಗಡ ಗುಮಾಸ್ತ

ನನ್ನ ತೊಂದರೆ ಸ್ವಲ್ಪ ಬೇರೆ. ಹೊಸ ಆವೃತ್ತಿ ಹಾಕಿದ ಮೇಲೆ ಎಕ್ಸೆಲ್ ತೆರೆದರೆ ಸಾಕು, ಖಾಲಿ ಹಾಳೆಯ ಜೊತೆಗೆ ಹಿಂದಿನ ಗುಮಾಸ್ತರು ಮಾಡಿಟ್ಟಿದ್ದ ಹಾಜರಿ ಪಟ್ಟಿಯೊಂದು ತಾನಾಗಿ ತೆರೆದುಕೊಳ್ಳುತ್ತದೆ. ಮೇಲೆ ಹೇಳಿದ ಗುರುತನ್ನು ತೆಗೆದರೂ ಹೋಗಲಿಲ್ಲ. ಅದನ್ನು ಅಳಿಸಿದರೆ ಇನ್ನೇನಾದರೂ ಕೆಡುತ್ತದೆಯೇ ಎಂಬ ಭಯದಿಂದ ದಿನವೂ ಮುಚ್ಚಿ ಕೆಲಸ ಶುರುಮಾಡುತ್ತಿದ್ದೇನೆ.

ಕೋಲಾರದ ದುರಸ್ತಿಗಾರ

ಅದು ಆರಂಭ ಪುಟವಲ್ಲ ಸರ್, ಎಕ್ಸ್‌ಎಲ್‌ಸ್ಟಾರ್ಟ್ ಎಂಬ ಫೋಲ್ಡರಿನ ಕೆಲಸ. ಆ ಫೋಲ್ಡರಿನಲ್ಲಿ ಏನಿಟ್ಟರೂ ಎಕ್ಸೆಲ್ ತೆರೆದಾಗಲೆಲ್ಲ ಅದು ತೆರೆಯುತ್ತದೆ. ಹಿಂದಿನವರು ದಿನದ ಹಾಜರಿ ಸುಲಭವಾಗಲೆಂದು ಬೇಕೆಂದೇ ಅಲ್ಲಿ ಇಟ್ಟಿರಬಹುದು. ವಿಂಡೋಸ್ ಕೀಲಿ ಮತ್ತು ಆರ್ ಒಟ್ಟಿಗೆ ಒತ್ತಿ, ಬರುವ ಪೆಟ್ಟಿಗೆಯಲ್ಲಿ ಶೇಕಡ ಚಿಹ್ನೆ, ಆ್ಯಪ್‌ಡೇಟಾ ಎಂಬ ಪದ, ಮತ್ತೆ ಶೇಕಡ ಚಿಹ್ನೆಯನ್ನು ಇಂಗ್ಲಿಷಿನಲ್ಲಿ ಜಾಗ ಬಿಡದೆ ಬರೆದು ಎಂಟರ್ ಕೊಡಿ. ಅಲ್ಲಿಂದ ಮೈಕ್ರೋಸಾಫ್ಟ್, ಎಕ್ಸೆಲ್, ಎಕ್ಸ್‌ಎಲ್‌ಸ್ಟಾರ್ಟ್ ಎಂದು ಒಳಗೆ ಹೋಗಿ. ಹಾಜರಿ ಪಟ್ಟಿ ಅಲ್ಲಿದ್ದರೆ ಅಳಿಸಬೇಡಿ, ಕತ್ತರಿಸಿ ಬೇರೆ ಫೋಲ್ಡರಿಗೆ ಅಂಟಿಸಿ. 'ಪರ್ಸನಲ್' ಎಂಬ ಹೆಸರಿನ ಕಡತವಿದ್ದರೆ ಮಾತ್ರ ಅದನ್ನು ಮುಟ್ಟಬೇಡಿ, ಅದರಲ್ಲಿ ಯಾರೋ ಉಳಿಸಿಕೊಂಡ ಮ್ಯಾಕ್ರೋಗಳಿರುತ್ತವೆ.

ಅಲ್ಲಿ ಇಲ್ಲದಿದ್ದರೆ ಎಕ್ಸೆಲ್ ಆಪ್ಷನ್ಸ್‌ನ ಅಡ್ವಾನ್ಸ್‌ಡ್ ಪುಟದಲ್ಲಿ, ಜನರಲ್ ಎಂಬ ಭಾಗದಲ್ಲಿ, 'ಅಟ್ ಸ್ಟಾರ್ಟಪ್, ಓಪನ್ ಆಲ್ ಫೈಲ್ಸ್ ಇನ್' ಎಂಬ ಪೆಟ್ಟಿಗೆ ನೋಡಿ. ಅದರಲ್ಲಿ ಯಾವುದಾದರೂ ಫೋಲ್ಡರಿನ ವಿಳಾಸವಿದ್ದರೆ ಅಳಿಸಿ.

ಪಾವಗಡ ಗುಮಾಸ್ತ

ಎರಡನೆಯದೇ ಆಗಿತ್ತು. ಪೆಟ್ಟಿಗೆಯಲ್ಲಿದ್ದ ವಿಳಾಸ ತೆಗೆದೆ, ಈಗ ಬರುತ್ತಿಲ್ಲ. ನಾಲ್ಕು ತಿಂಗಳಿಂದ ದಿನವೂ ಮುಚ್ಚುತ್ತಿದ್ದೆ, ಬಹಳ ಧನ್ಯವಾದ.

ಕೆಜಿಎಫ್ ಗಣಕ ಪ್ರಯೋಗಾಲಯ

ನಾನು ಕಾಲೇಜೊಂದರ ಪ್ರಯೋಗಾಲಯ ನೋಡಿಕೊಳ್ಳುತ್ತೇನೆ. ಮೂವತ್ತು ಯಂತ್ರಗಳಲ್ಲಿ ಒಂದೊಂದಾಗಿ ಗುರುತು ತೆಗೆಯುತ್ತಾ ಹೋದರೆ ಒಂದು ದಿನ ಅದರಲ್ಲೇ ಕಳೆಯುತ್ತದೆ. ಅಂತಹವರಿಗಾಗಿ ರಿಜಿಸ್ಟ್ರಿಯ, ಅಂದರೆ ವಿಂಡೋಸ್ ತನ್ನ ಸೆಟ್ಟಿಂಗ್‌ಗಳನ್ನು ಬರೆದಿಟ್ಟುಕೊಳ್ಳುವ ಜಾಗದ ದಾರಿಯನ್ನು ಬರೆಯುತ್ತೇನೆ. ಎಚ್‌ಕೀ ಕರೆಂಟ್ ಯೂಸರ್, ಸಾಫ್ಟ್‌ವೇರ್, ಮೈಕ್ರೋಸಾಫ್ಟ್, ಆಫೀಸ್, 16.0, ಕಾಮನ್, ಜನರಲ್ ಎಂಬ ಕ್ರಮದಲ್ಲಿ ಒಳಗೆ ಹೋಗಿ, 'ಡಿಸೇಬಲ್ ಬೂಟ್ ಟು ಆಫೀಸ್ ಸ್ಟಾರ್ಟ್' ಎಂಬ ಹೆಸರನ್ನು ಇಂಗ್ಲಿಷಿನಲ್ಲಿ ನಡುವೆ ಜಾಗವಿಲ್ಲದೆ ಕೊಟ್ಟು, ಡಿವರ್ಡ್ ರೀತಿಯ ಮೌಲ್ಯ ಸೃಷ್ಟಿಸಿ, ಅದಕ್ಕೆ 1 ಎಂದು ಬರೆಯಿರಿ. ಆಗ ವರ್ಡ್, ಎಕ್ಸೆಲ್, ಪವರ್‌ಪಾಯಿಂಟ್ ಎಲ್ಲಕ್ಕೂ ಒಂದೇ ಸಲಕ್ಕೆ ಆಗುತ್ತದೆ. ಒಂದು ಯಂತ್ರದಲ್ಲಿ ಮಾಡಿ, ಆ ಒಂದು ಮೌಲ್ಯವಷ್ಟೇ ಇರುವ ರಿಜಿಸ್ಟ್ರಿ ಕಡತ ಮಾಡಿಕೊಂಡರೆ ಉಳಿದ ಯಂತ್ರಗಳಲ್ಲಿ ಎರಡು ಸಲ ಒತ್ತಿದರೆ ಸಾಕು.

16.0 ಎಂಬ ಸಂಖ್ಯೆ 2016, 2019, 2021, 2024 ಮತ್ತು ಮೈಕ್ರೋಸಾಫ್ಟ್ 365 ಎಲ್ಲಕ್ಕೂ ಒಂದೇ. 2013ಕ್ಕೆ ಮಾತ್ರ 15.0. ಹೊಸ ಆವೃತ್ತಿ ಹಾಕಿದ ಮೇಲೂ 15.0 ಎಂಬಲ್ಲಿ ಬರೆಯುತ್ತಾ ಕೂತರೆ ಪ್ರಯೋಜನವಿಲ್ಲ, ನಾನೇ ಒಂದು ಸಂಜೆ ಹಾಗೆ ಕಳೆದಿದ್ದೇನೆ. ರಿಜಿಸ್ಟ್ರಿಯನ್ನು ಮುಟ್ಟುವ ಮೊದಲು ಅದರ ಪ್ರತಿಯನ್ನು ಎಕ್ಸ್‌ಪೋರ್ಟ್ ಮಾಡಿ ಇಟ್ಟುಕೊಳ್ಳುವುದನ್ನು ಮರೆಯಬೇಡಿ. ಇನ್ನೊಂದು ಸಂಗತಿ, ಇದು ಕಂಪ್ಯೂಟರಿಗಲ್ಲ, ಬಳಕೆದಾರರಿಗೆ ಅಂಟಿಕೊಳ್ಳುವ ವ್ಯವಸ್ಥೆ. ಒಂದೇ ಯಂತ್ರದಲ್ಲಿ ಇಬ್ಬರಿಗೆ ಬೇರೆಬೇರೆ ಲಾಗಿನ್ ಇದ್ದರೆ ಇಬ್ಬರ ಲಾಗಿನ್‌ನಲ್ಲಿಯೂ ಮಾಡಬೇಕು.

ಮಾಲೂರು ಅಂಕಿಅಂಶ

ಇಷ್ಟೆಲ್ಲ ಏಕೆ? ಚಿಹ್ನೆಯ ಪ್ರಾಪರ್ಟೀಸ್‌ನಲ್ಲಿ ವಿಳಾಸದ ಕೊನೆಗೆ ಒಂದು ಓರೆಗೆರೆ ಮತ್ತು ಕ್ಯೂ ಸೇರಿಸಿದರೆ ಸಾಕಲ್ಲವೇ? ನಾನು ಬಹಳ ಹಿಂದೆ ಹಾಗೆ ಮಾಡಿದ್ದೆ.

ಕೆಜಿಎಫ್ ಗಣಕ ಪ್ರಯೋಗಾಲಯ

ನೀವು ಎರಡು ಬೇರೆ ವಸ್ತುಗಳನ್ನು ಒಂದಾಗಿಸುತ್ತಿದ್ದೀರಿ. ವರ್ಡ್ ಮೆಮೊರಿಗೆ ಏರುತ್ತಿರುವಾಗ ಹೆಸರು, ಬಣ್ಣ ಹೊತ್ತು ಒಂದೆರಡು ಕ್ಷಣ ಕಾಣಿಸಿ ಹೋಗುವ ಚಿಕ್ಕ ಫಲಕ ಒಂದಿದೆ, ಕ್ಯೂ ಇರುವುದು ಅದನ್ನು ಮರೆಮಾಡಲು. ಇಲ್ಲಿ ಅಕ್ಕ ಕೇಳುತ್ತಿರುವುದು ಅದಾದ ಮೇಲೆ ಬಂದು ಕೂರುವ ಪುಟದ ಬಗ್ಗೆ. ಎಕ್ಸೆಲ್‌ಗೆ ಓರೆಗೆರೆ ಮತ್ತು ಇ ಸೇರಿಸುವವರೂ ಇದ್ದಾರೆ, ಆದರೆ ಹಾಗೆ ಮಾಡಿದರೆ ಖಾಲಿ ಹಾಳೆಯೂ ಬರುವುದಿಲ್ಲ, ಬರಿದಾದ ಕಿಟಕಿ ಮಾತ್ರ ತೆರೆಯುತ್ತದೆ. ಹೊಸಬರು ಎಕ್ಸೆಲ್ ಕೆಟ್ಟಿತೆಂದು ತಿಳಿಯುತ್ತಾರೆ.

ಗೌರಿಬಿದನೂರು ಮುಕ್ತ ತಂತ್ರಾಂಶ

ಹಣ ಕೊಟ್ಟು ಹೊಸ ಆವೃತ್ತಿ ಕೊಂಡು, ಅದರಲ್ಲಿ ಬೇಡದ್ದನ್ನು ತೆಗೆಯಲು ಇಷ್ಟು ಶ್ರಮಪಡುವ ಬದಲು ಲಿಬ್ರೆಆಫೀಸ್ ಏಕೆ ಬಳಸಬಾರದು? 2010ರಲ್ಲಿ ಓಪನ್‌ಆಫೀಸ್‌ನಿಂದ ಕವಲೊಡೆದು ಬೆಳೆದ ಉಚಿತ ತಂತ್ರಾಂಶ ಅದು. ಅದರಲ್ಲೂ 'ಸ್ಟಾರ್ಟ್ ಸೆಂಟರ್' ಎಂಬ ಆರಂಭ ಪುಟವಿದೆ, ಆದರೆ ಅದು ಬರುವುದು ಲಿಬ್ರೆಆಫೀಸ್ ಎಂಬ ಸಾಮಾನ್ಯ ಚಿಹ್ನೆಯನ್ನು ಒತ್ತಿದಾಗ ಮಾತ್ರ. ರೈಟರ್ ಎಂಬ ಚಿಹ್ನೆಯನ್ನೇ ಒತ್ತಿದರೆ ನೇರವಾಗಿ ಖಾಲಿ ಹಾಳೆ, ಕ್ಯಾಲ್ಕ್ ಒತ್ತಿದರೆ ನೇರವಾಗಿ ಖಾಲಿ ಕೋಷ್ಟಕ.

ಶಿಡ್ಲಘಟ್ಟ ಪತ್ರ ಬರಹ

ಅದರಲ್ಲಿಯೂ ದಿನಕ್ಕೊಂದು ಸಲಹೆ ಹೇಳುವ ಪೆಟ್ಟಿಗೆ ಬರುತ್ತದಲ್ಲ?

ಗೌರಿಬಿದನೂರು ಮುಕ್ತ ತಂತ್ರಾಂಶ

ಬರುತ್ತದೆ, 6.3ನೇ ಆವೃತ್ತಿಯಿಂದ ಸೇರಿಸಿದ್ದಾರೆ. ಆ ಪೆಟ್ಟಿಗೆಯಲ್ಲೇ ಅದನ್ನು ನಿಲ್ಲಿಸುವ ಗುರುತು ಇದೆ, ಒಮ್ಮೆ ತೆಗೆದರೆ ಮುಗಿಯಿತು. ಶುರುವಿನ ಚಿತ್ರಫಲಕವೂ ಬೇಡವೆಂದರೆ ಚಿಹ್ನೆಯ ವಿಳಾಸದ ಕೊನೆಗೆ ಎರಡು ಅಡ್ಡಗೆರೆ ಹಾಕಿ 'ನೋಲೋಗೋ' ಎಂದು ಇಂಗ್ಲಿಷಿನಲ್ಲಿ ಸೇರಿಸಬೇಕು.

ಶಿಡ್ಲಘಟ್ಟ ಪತ್ರ ಬರಹ

ಮನೆಯ ಬಳಕೆಗೆ ನಾನೂ ಅದನ್ನೇ ಇಟ್ಟುಕೊಂಡಿದ್ದೇನೆ. ಆದರೆ ಪತ್ರ ಬರೆಯುವ ಅಂಗಡಿಯಲ್ಲಿ ಒಮ್ಮೆಗೇ ಬದಲಿಸುವುದು ಬೇಡ ಎನ್ನುತ್ತೇನೆ. ಛಾಪಾ ಕಾಗದದ ಮೇಲ್ಭಾಗದಲ್ಲಿ ಮುದ್ರೆಯ ಜಾಗ ಬಿಟ್ಟು, ಅದರ ಕೆಳಗಿನಿಂದ ಮೊದಲ ಸಾಲು ಬರಬೇಕು. ಹಿಂದೆ ವರ್ಡ್‌ನಲ್ಲಿ ಮಾಡಿಟ್ಟ ನೂರಾರು ಪತ್ರಗಳನ್ನು ಇನ್ನೊಂದು ತಂತ್ರಾಂಶದಲ್ಲಿ ತೆರೆಯುವವರು ಪ್ರತಿಯೊಂದರ ಅಂಚು, ಸಾಲುಗಳ ನಡುವಿನ ಅಂತರ, ಪುಟ ಎಲ್ಲಿ ಮುರಿಯುತ್ತದೆ ಎಂಬುದನ್ನು ಬಿಳಿ ಹಾಳೆಯಲ್ಲಿ ಮುದ್ರಿಸಿ ನೋಡಿಯೇ ಮುಂದುವರಿಯಬೇಕು. ಒಂದು ಸಾಲು ಮುಂದಿನ ಪುಟಕ್ಕೆ ಜಾರಿದರೂ ಸಹಿಯ ಜಾಗ ತಪ್ಪುತ್ತದೆ.

ಗೌರಿಬಿದನೂರು ಮುಕ್ತ ತಂತ್ರಾಂಶ

ಅದು ನ್ಯಾಯವಾದ ಮಾತು. ಹಳೆಯ ಪತ್ರಗಳನ್ನು ಬಿಟ್ಟು, ಹೊಸ ಮಾದರಿಗಳನ್ನು ಒಂದು ಯಂತ್ರದಲ್ಲಿ ಮಾಡಿ ನೋಡಲಿ ಎಂಬಷ್ಟಕ್ಕೆ ನನ್ನ ಸಲಹೆಯನ್ನು ಇಳಿಸಿಕೊಳ್ಳುತ್ತೇನೆ.

ಬಂಗಾರಪೇಟೆ ಹಾಲಿನ ಡೈರಿ

ವರ್ಡ್ ತೆರೆಯುವ ಮೊದಲೇ, ಕಂಪ್ಯೂಟರ್ ಹೊತ್ತಿಸಿದ ಕೂಡಲೇ ಟೀಮ್ಸ್, ಒನ್‌ಡ್ರೈವ್ ಎಂದು ಒಂದರ ಮೇಲೊಂದು ಕಿಟಕಿ ಬಂದು 'ಸೈನ್ ಇನ್' ಕೇಳುತ್ತವೆ. ಬೆಳಿಗ್ಗೆ ಹಾಲು ಹಾಕುವವರು ಕ್ಯಾನ್ ಹಿಡಿದು ಸಾಲು ನಿಂತಿರುತ್ತಾರೆ, ನಾನು ಈ ಕಿಟಕಿಗಳನ್ನು ಮುಚ್ಚುತ್ತಾ ಕೂರಬೇಕು. ಇದಕ್ಕೂ ಇದೇ ಔಷಧವೇ?

ಮುಳಬಾಗಿಲು ಬಿ.ಕಾಂ.

ಇಲ್ಲ ಅಣ್ಣಾ, ಅದಕ್ಕೆ ಬೇರೆ ದಾರಿ. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿದರೆ ಟಾಸ್ಕ್ ಮ್ಯಾನೇಜರ್ ಬರುತ್ತದೆ. ಅದರಲ್ಲಿ ಸ್ಟಾರ್ಟಪ್ ಎಂಬ ವಿಭಾಗಕ್ಕೆ ಹೋಗಿ, ಬೇಡವಾದುದರ ಮೇಲೆ ಬಲಗುಂಡಿ ಒತ್ತಿ ಡಿಸೇಬಲ್ ಕೊಡಿ. ತಂತ್ರಾಂಶ ಉಳಿಯುತ್ತದೆ, ತಾನಾಗಿ ಏಳುವುದು ಮಾತ್ರ ನಿಲ್ಲುತ್ತದೆ. ಕನ್ನಡ ಕೀಲಿಮಣೆಯ ತಂತ್ರಾಂಶ ಮತ್ತು ವೈರಸ್ ತಡೆಯುವ ತಂತ್ರಾಂಶ ಅದೇ ಪಟ್ಟಿಯಲ್ಲಿರಬಹುದು, ಅವುಗಳನ್ನು ಹಾಗೆಯೇ ಬಿಡಿ. ಒನ್‌ಡ್ರೈವ್‌ಗೆ ಕಡತಗಳ ಪ್ರತಿ ಹೋಗುತ್ತಿದ್ದರೆ ಅದನ್ನೂ ನಿಲ್ಲಿಸಬೇಡಿ.

ಬಂಗಾರಪೇಟೆ ಹಾಲಿನ ಡೈರಿ

ಟೀಮ್ಸ್ ನಿಲ್ಲಿಸಿದೆ, ಒನ್‌ಡ್ರೈವ್ ಬಿಟ್ಟೆ. ನಾಳೆ ಬೆಳಿಗ್ಗೆ ಗೊತ್ತಾಗುತ್ತದೆ.

ಗುಬ್ಬಿ ಗೇಟ್ ಬೆರಳಚ್ಚು, ತುಮಕೂರು

ಎಲ್ಲರ ಸಲಹೆಯಂತೆ ನಿನ್ನೆ ರಾತ್ರಿ ಅಂಗಡಿ ಮುಚ್ಚಿದ ಮೇಲೆ ನಾನೂ ಮಗಳೂ ಕುಳಿತು 2021 ಇರುವ ಎರಡು ಯಂತ್ರಗಳನ್ನು ಸರಿಮಾಡಿದೆವು. ಆರಂಭ ಪುಟ ಹೋಯಿತು, ಪಟ್ಟಿಯ ಸಂಖ್ಯೆ 0 ಆಯಿತು, ಕೆಳಪಟ್ಟಿಯ ಹೆಸರುಗಳೂ ಹೋದವು. ಇಂದು ಬೆಳಿಗ್ಗೆ ಮಾವನವರು ವರ್ಡ್ ಒತ್ತಿದರು, ಬಿಳಿ ಹಾಳೆ ಬಂತು. ಸ್ವಲ್ಪ ಹೊತ್ತು ಅದನ್ನೇ ನೋಡಿ ಕನ್ನಡಕ ತೆಗೆದು ಒರೆಸಿಕೊಂಡು ಕೆಲಸಕ್ಕೆ ಕೂತರು.

ಆದರೆ ಒಂದು ತೊಡಕು ಉಳಿದಿದೆ. ಹಳೆಯದರಲ್ಲಿ ಹಾಳೆ ತೆರೆದೊಡನೆ ನುಡಿ ಅಕ್ಷರ, 14ರ ಗಾತ್ರ ಸಿದ್ಧವಾಗಿರುತ್ತಿತ್ತು. ಈಗ ಕ್ಯಾಲಿಬ್ರಿ, 11 ಎಂದು ಬರುತ್ತದೆ. ಪ್ರತಿಸಲವೂ ಬದಲಿಸಬೇಕು.

ಶಿಡ್ಲಘಟ್ಟ ಪತ್ರ ಬರಹ

ಖಾಲಿ ಹಾಳೆಯಲ್ಲಿ ಕಂಟ್ರೋಲ್ ಮತ್ತು ಡಿ ಒತ್ತಿ. ಅಕ್ಷರದ ಪೆಟ್ಟಿಗೆಯಲ್ಲಿ ನಿಮಗೆ ಬೇಕಾದ ನುಡಿ ಅಕ್ಷರ, ಗಾತ್ರ 14 ಆರಿಸಿ, ಕೆಳಗಿನ 'ಸೆಟ್ ಆ್ಯಸ್ ಡಿಫಾಲ್ಟ್' ಒತ್ತಿ. ಈ ಕಡತಕ್ಕೆ ಮಾತ್ರವೇ ಅಥವಾ ನಾರ್ಮಲ್ ಟೆಂಪ್ಲೇಟ್‌ನ ಎಲ್ಲ ಕಡತಗಳಿಗೂ ಎಂದು ಕೇಳುತ್ತದೆ, ಎರಡನೆಯದನ್ನು ಆರಿಸಿ. ನೆನಪಿಡಬೇಕಾದ ಅಂಶವೊಂದಿದೆ. ಹಳೆಯ ನುಡಿ ಅಕ್ಷರವಾದರೆ ಆ ಪೆಟ್ಟಿಗೆಯ ಮೇಲಿನ ಲ್ಯಾಟಿನ್ ಭಾಗದಲ್ಲಿ ಆರಿಸಬೇಕು, ಯೂನಿಕೋಡ್ ಕನ್ನಡವಾದರೆ ಕೆಳಗಿನ 'ಕಾಂಪ್ಲೆಕ್ಸ್ ಸ್ಕ್ರಿಪ್ಟ್ಸ್' ಎಂಬ ಭಾಗದಲ್ಲಿ ಆರಿಸಬೇಕು. ಮೇಲೆ ಬದಲಿಸಿ ಕೆಳಗೆ ಬಿಟ್ಟರೆ ಯೂನಿಕೋಡ್ ಕನ್ನಡದ ಗಾತ್ರ ಇದ್ದಂತೆಯೇ ಇರುತ್ತದೆ.

ಚಿಂತಾಮಣಿ ಮೇಷ್ಟ್ರು

ಇದೇ ಕಾರಣಕ್ಕೆ ನನ್ನ ಅಂಕಪಟ್ಟಿಯಲ್ಲಿ ಅಂಕಿಗಳು ದೊಡ್ಡದಾಗಿ ಹೆಸರುಗಳು ಚಿಕ್ಕದಾಗಿ ಬರುತ್ತಿದ್ದವೆಂದು ಈಗ ತಿಳಿಯಿತು. ಒಂದು ವರ್ಷದಿಂದ ಪ್ರಿಂಟರ್‌ನ ದೋಷವೆಂದುಕೊಂಡಿದ್ದೆ.

ಗುಬ್ಬಿ ಗೇಟ್ ಬೆರಳಚ್ಚು, ತುಮಕೂರು

ಆಯಿತು, ನುಡಿ 14 ತಾನಾಗಿ ಬರುತ್ತಿದೆ. ಮೂರನೆಯ ಯಂತ್ರಕ್ಕೂ ಹೊಸ ಆವೃತ್ತಿ ಹಾಕಿಸಲು ಹೇಳಿದ್ದೇನೆ. ಕ್ರಮಸಂಖ್ಯೆಯ ನೋಟ್‌ಬುಕ್ಕನ್ನು ಇಂದಿನಿಂದಲೇ ಶುರುಮಾಡಿದ್ದೇವೆ, ಮೊದಲ ಹೆಸರನ್ನು ಮಾವನವರೇ ಬರೆದರು.

ಕೋಲಾರದ ದುರಸ್ತಿಗಾರ

ಒಳ್ಳೆಯದಾಯಿತು ಅಕ್ಕಾ. ಮೂರನೆಯದಕ್ಕೆ ಹಾಕಿಸುವಾಗ ಒಂದು ಲೆಕ್ಕ ನೋಡಿ. ಆಫೀಸ್ 2021ಕ್ಕೆ ಅಪ್‌ಡೇಟ್ ಬರುವುದು 2026ರ ಅಕ್ಟೋಬರ್ 13ರವರೆಗೆ ಮಾತ್ರ, ಹಾಗಾಗಿ ಅದಕ್ಕಿಂತ ಮುಂದಿನದನ್ನೇ ಕೇಳಿ. ಹಾಕಿದವರು ಕೈಗೆ ಕೊಡುವ ಮೊದಲು ಗುರುತು ತೆಗೆದು, ಮಾವನವರನ್ನೇ ಕೂರಿಸಿ ಒಮ್ಮೆ ತೆರೆಸಿ ನೋಡಿ.